ಕರೆನ್ಸಿ ಬಿದ್ರೂ ಆಮದು ಯಾಕೆ ಇಳಿಯಲ್ಲ?

ಪ್ರಶ್ನೆ: ಎಂಎ ಪ್ರಾಜೆಕ್ಟಿಗೆ ಒಂದು ದೇಶದ ಆಮದು ಬೇಡಿಕೆ ಯಾವುದರಿಂದ ನಿರ್ಧಾರ ಆಗತ್ತೆ ಅಂತ ನೋಡ್ತಿದೀನಿ. ಇಪ್ಪತ್ತು ವರ್ಷದ ಡೇಟಾ ತಗೊಂಡು, ಒಟ್ಟು ಆಮದು ಮೌಲ್ಯನ ಅವರದೇ ಕರೆನ್ಸಿಯಲ್ಲಿ ಇಟ್ಕೊಂಡು, ಜಿಡಿಪಿ ಮತ್ತೆ ಡಾಲರ್ ರೇಟ್ ಮೇಲೆ ರಿಗ್ರೆಷನ್ (ಯಾವುದು ಎಷ್ಟು ಪರಿಣಾಮ ಮಾಡತ್ತೆ ಅನ್ನೋ ಅಂಕಿಅಂಶದ ಲೆಕ್ಕ) ಮಾಡ್ದೆ. ಜಿಡಿಪಿದು 1.6 ಬಂತು, ಅಂದ್ರೆ ಜಿಡಿಪಿ 1 ಪರ್ಸೆಂಟ್ ಏರಿದ್ರೆ ಆಮದು 1.6 ಪರ್ಸೆಂಟ್ ಏರತ್ತೆ, ಅದು ಸರಿ ಅನ್ಸತ್ತೆ. ಆದ್ರೆ ಕರೆನ್ಸಿ ಬಿದ್ದಷ್ಟೂ ಆಮದು ಜಾಸ್ತಿ ಆಗತ್ತೆ ಅಂತ ಉಲ್ಟಾ ಬರ್ತಿದೆ. ಗೈಡ್ ನೋಡಿ ಸೈನ್ (ಪ್ಲಸ್, ಮೈನಸ್) ತಪ್ಪಿದೆ ಅಂದ್ರು. ಡೇಟಾ ತಪ್ಪಾ, ಥಿಯರಿ ತಪ್ಪಾ? ಮತ್ತೆ ಸುಂಕ ಹಾಕಿದ್ರೆ ಆಮದು ಇಳಿಯತ್ತೆ ಅನ್ನೋದಾದ್ರೂ ನಿಜಾನಾ?

ಉತ್ತರ: ಡೇಟಾನೂ ತಪ್ಪಿಲ್ಲ, ಥಿಯರಿನೂ ತಪ್ಪಿಲ್ಲ. ನೀವು ಸಮೀಕರಣದ ಎಡಗಡೆ ಇಟ್ಕೊಂಡಿರೋದು ಆಮದು ಬೇಡಿಕೆ ಅಲ್ಲ, ಆಮದು ಬಿಲ್ಲು. ಬಿಲ್ ಅಂದ್ರೆ ಎಷ್ಟು ತರಿಸಿದ್ರು ಇಂಟು ಯಾವ ರೇಟಿಗೆ ತರಿಸಿದ್ರು. ಕರೆನ್ಸಿ ಬಿದ್ದು ಆಮದು ಮಾಲು ಒಳಗಡೆ 10 ಪರ್ಸೆಂಟ್ ತುಟ್ಟಿ ಆಯ್ತು, ಜನ 3 ಪರ್ಸೆಂಟ್ ಕಮ್ಮಿ ತಗೊಂಡ್ರು ಅಂತಿಟ್ಕೊಳಿ. ಬೇಡಿಕೆ ಥಿಯರಿ ಹೇಳಿದ ಹಾಗೇ ಇಳೀತು, ಆದ್ರೆ ಬಿಲ್ಲು 1.10 ಇಂಟು 0.97, ಅಂದ್ರೆ ಹತ್ತಿರ ಹತ್ತಿರ 7 ಪರ್ಸೆಂಟ್ ಏರ್ತು. ನಿಮ್ಮ ರಿಗ್ರೆಷನ್ನಿಗೆ ಕಾಣೋದು ಆ 7 ಮಾತ್ರ, ಆ 3 ಅದರೊಳಗೇ ಮುಚ್ಚಿಹೋಗಿದೆ. ಇದೇ ಡೇಟಾನ ಡಾಲರ್ ಲೆಕ್ಕದಲ್ಲಿ ಹಾಕಿದ್ರೆ 3 ಪರ್ಸೆಂಟ್ ಇಳಿದ ಹಾಗೆ ಕಾಣತ್ತೆ. ಒಂದೇ ದೇಶ, ಒಂದೇ ವರ್ಷ, ಎರಡು ಸೈನು. ಬೆಲೆ ಎಲಾಸ್ಟಿಸಿಟಿ (ಬೆಲೆ 1 ಪರ್ಸೆಂಟ್ ಏರಿದ್ರೆ ಕೊಳ್ಳೋದು ಎಷ್ಟು ಪರ್ಸೆಂಟ್ ಇಳಿಯತ್ತೆ ಅನ್ನೋದು) ಒಂದಕ್ಕಿಂತ ಕಮ್ಮಿ ಇರೋ ತನಕ ಸ್ವಂತ ಕರೆನ್ಸಿಯಲ್ಲಿ ಬಿಲ್ ಏರ್ಲೇಬೇಕು, ಮತ್ತೆ ಕಡಿಮೆ ಅವಧಿಯಲ್ಲಿ ಅದು ಒಂದಕ್ಕಿಂತ ಕಮ್ಮಿನೇ ಇರತ್ತೆ, ಬಹುತೇಕ ದೇಶಗಳಲ್ಲಿ.

ಈ ಲೆಕ್ಕ ಸರಿಮಾಡಿದ್ರೆ ನಿಮ್ಮ ಅರ್ಧ ತಲೆನೋವು ಹೋಗತ್ತೆ. ಆದ್ರೆ ನಿಜವಾಗ್ಲೂ ಏನು ಆಮದನ್ನ ಎಳೆಯತ್ತೆ ಅನ್ನೋ ಪ್ರಶ್ನೆ ಇದ್ಕಿಂತ ದೊಡ್ಡದು, ಅದಕ್ಕೆ ಜಪಾನ್ ಉದಾಹರಣೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಅಲ್ಲಿ ಪ್ರಮಾಣ, ಬೆಲೆ, ಕರೆನ್ಸಿ ಮೂರೂ ಬೇರೆ ಬೇರೆ ಟೈಮಲ್ಲಿ ಅಲುಗಾಡಿದ್ವು.

2011ರ ಮಾರ್ಚ್ 11ಕ್ಕೆ ಭೂಕಂಪ, ಸುನಾಮಿ, ಆಮೇಲೆ ಫುಕುಶಿಮಾ ಅಣುಸ್ಥಾವರದ ದುರಂತ. ಅದಾದ್ಮೇಲೆ ತಪಾಸಣೆಗೆ ಅಂತ ನಿಲ್ಲಿಸಿದ ರಿಯಾಕ್ಟರ್‌ಗಳನ್ನ ಮತ್ತೆ ಶುರು ಮಾಡೋಕೆ ಆಗ್ದೆ, 2012ರ ಮೇ ಹೊತ್ತಿಗೆ ಇಡೀ ದೇಶದಲ್ಲಿ ಒಂದೂ ಓಡ್ತಿರ್ಲಿಲ್ಲ. ಅದಕ್ಕೆ ಮುಂಚೆ ಕರೆಂಟಿನ ಕಾಲು ಭಾಗಕ್ಕಿಂತ ಜಾಸ್ತಿ ಬರ್ತಿದ್ದಿದ್ದೇ ಅಣುಸ್ಥಾವರಗಳಿಂದ. ಕರೆಂಟ್ ಬೇಕೇ ಬೇಕು, ಸ್ವಂತ ಗ್ಯಾಸ್ ಇಲ್ಲ, ಕಲ್ಲಿದ್ದಲು ಇಲ್ಲ. 2010ರಲ್ಲಿ ಸುಮಾರು 7 ಕೋಟಿ ಟನ್ ಇದ್ದ ದ್ರವರೂಪದ ಗ್ಯಾಸ್, ಅಂದ್ರೆ ಎಲ್‌ಎನ್‌ಜಿ ಆಮದು 2013ರಲ್ಲಿ 8.7 ಕೋಟಿ ಟನ್ ದಾಟ್ತು. 2011ರಲ್ಲೇ ಜಪಾನ್ ಮೂವತ್ತು ವರ್ಷದಲ್ಲಿ ಮೊದಲ ಸಲ ವಾರ್ಷಿಕ ವ್ಯಾಪಾರ ಕೊರತೆ ಕಂಡ್ತು. ಇಲ್ಲಿ ಯಾರ ಆದಾಯನೂ ಏರಿರ್ಲಿಲ್ಲ, ಯಾರಿಗೂ ವಿದೇಶಿ ಮಾಲಿನ ಹುಚ್ಚು ಹಿಡಿದಿರ್ಲಿಲ್ಲ, ದೇಶದೊಳಗೇ ಸಿಗ್ತಿದ್ದ ಒಂದು ಬದಲಿ ವರ್ಷ ಚಿಲ್ಲರೆಯಲ್ಲಿ ಇಲ್ದಂಗೆ ಆಯ್ತು ಅಷ್ಟೇ.

ಆಮೇಲೆ ಕರೆನ್ಸಿ. 2012ರ ಶರತ್ಕಾಲದಲ್ಲಿ ಡಾಲರಿಗೆ 80 ಯೆನ್ ಆಸುಪಾಸು ಇದ್ದಿದ್ದು 2013ರ ಕೊನೆಗೆ 105ಕ್ಕೆ ಬಂತು. ಪಾಠದ ಪ್ರಕಾರ ಆಮದು ಕುಗ್ಗಬೇಕು, ರಫ್ತು ಹಿಗ್ಗಬೇಕು, ಕೊರತೆ ಮುಚ್ಚಬೇಕು. ಆಗಿದ್ದೇನು, 2013ರ ಕೊರತೆ 11 ಲಕ್ಷ ಕೋಟಿ ಯೆನ್ ದಾಟ್ತು, 2014ರಲ್ಲಿ ಅದಕ್ಕಿಂತ ಜಾಸ್ತಿ. ಹಡಗಲ್ಲಿ ಬರೋ ಗ್ಯಾಸಿಗೆ ರೇಟು ಇರೋದು ಡಾಲರಲ್ಲಿ, ಟನ್ ಲೆಕ್ಕ ಇಳಿಸೋಕೆ ಆಗಲ್ಲ, ಹಾಗಾಗಿ ಯೆನ್ ಬಿದ್ದಿದ್ದೆಲ್ಲ ಬಿಲ್ಲಿಗೆ ಸೇರಿಕೊಳ್ತು. 2015ರಲ್ಲಿ ಕೊರತೆ ಸಿಕ್ಕಾಪಟ್ಟೆ ಇಳೀತು, 2016ಕ್ಕೆ ಮತ್ತೆ ಸರ್‌ಪ್ಲಸ್ಸೇ ಬಂತು. 2015ರಲ್ಲಿ ಯೆನ್ ಗಟ್ಟಿಯಾಗಿತ್ತಾ? ಇಲ್ಲ, ಡಾಲರಿಗೆ 120ರ ಹತ್ತಿರ ಇತ್ತು, ಇನ್ನೂ ಕೆಳಗೆ. ಇಳಿದಿದ್ದು 2014ರ ಕೊನೆಯಲ್ಲಿ ಕುಸಿದ ಕಚ್ಚಾ ತೈಲದ ರೇಟು. ಜಪಾನ್ ಕೊಳ್ತಿದ್ದ ಗ್ಯಾಸಿನ ಬಹುಪಾಲು ಕಾಂಟ್ರಾಕ್ಟ್‌ಗಳು ತೈಲದ ಬೆಲೆಗೇ ಕಟ್ಟಿಹಾಕಿದ್ದು, ಹಾಗಾಗಿ ಅದೂ ಜೊತೆಗೇ ಇಳೀತು. ಈ ಐದಾರು ವರ್ಷದ ಡೇಟಾನ ನಿಮ್ಮ ಫಾರ್ಮುಲಾಗೆ ಹಾಕಿ ನೋಡಿ, ಕರೆನ್ಸಿಯ ಕೋಎಫಿಶಿಯೆಂಟ್, ಅಂದ್ರೆ ಅದ್ರ ಪರಿಣಾಮದ ನಂಬರ್, ಏನು ಬೇಕಾದ್ರೂ ಬರಬಹುದು.

ಇದ್ರಿಂದ ಬೆಲೆಗೆ ಕಿಮ್ಮತ್ತೇ ಇಲ್ಲ ಅಂತ ಅಲ್ಲ. ಬೆಲೆ ಕೆಲಸ ಮಾಡತ್ತೆ, ಆದ್ರೆ ನಿಧಾನ, ಮತ್ತೆ ದಾರೀಲಿ ತುಂಬಾ ಸೋರಿಹೋಗತ್ತೆ. ವಿನಿಮಯ ದರ ಬದಲಾದ ಕೂಡ್ಲೇ ಕೊಳ್ಳೋವ್ನ ಕೈಲಿರೋ ರೇಟು ಬದಲಾಗಲ್ಲ. ಮೊದಲು ಇನ್ವಾಯ್ಸ್ ಯಾವ ಕರೆನ್ಸೀಲಿ ಇದೆ ನೋಡ್ಬೇಕು. ಜಗತ್ತಿನ ವ್ಯಾಪಾರದ ದೊಡ್ಡ ಪಾಲು ಡಾಲರಲ್ಲೇ ಬಿಲ್ ಆಗತ್ತೆ, ಮಾರೋವ್ನೂ ಅಮೆರಿಕದವನಲ್ಲ, ಕೊಳ್ಳೋವ್ನೂ ಅಲ್ಲ, ಆದ್ರೂ ಡಾಲರ್. ಹಾಗಾಗಿ ಅಮೆರಿಕಕ್ಕೆ ಡಾಲರ್ ಬಿದ್ರೆ ಆಮದು ಬೆಲೆ ಅಷ್ಟು ಬೇಗ ಏರಲ್ಲ, ಬೇರೆ ದೇಶಗಳಿಗೆ ಅವರ ಕರೆನ್ಸಿ ಬಿದ್ರೆ ಸೀದಾ ಏಟು. ಕಾಂಪಾ ಮತ್ತು ಗೋಲ್ಡ್‌ಬರ್ಗ್ ಅನ್ನೋ ಇಬ್ಬರು 2005ರಲ್ಲಿ ಶ್ರೀಮಂತ ದೇಶಗಳ ಡೇಟಾ ನೋಡಿ ಹೇಳಿದ್ದು, ಅಮೆರಿಕದಲ್ಲಿ ವಿನಿಮಯ ದರದ ಬದಲಾವಣೆಯಲ್ಲಿ ಶುರುವಿಗೆ ಕಾಲು ಭಾಗ, ನಿಧಾನಕ್ಕೆ ಸುಮಾರು 40 ಪರ್ಸೆಂಟ್ ಆಮದು ಬೆಲೆಗೆ ದಾಟತ್ತೆ ಅಂತ. ಉಳಿದಿದ್ದನ್ನ ಮಾರೋವ್ರು ತಮ್ಮ ಮಾರ್ಜಿನ್ನಲ್ಲಿ ನುಂಗ್ತಾರೆ, ಮಾರ್ಕೆಟ್ ಬಿಟ್ಟುಕೊಡಬಾರ್ದು ಅಂತ. ಬೆಲೆ ಬದಲಾದ್ಮೇಲೂ ಕಾಂಟ್ರಾಕ್ಟ್ ಮುಗೀಬೇಕು, ಬೇರೆ ಸಪ್ಲೈಯರ್ ಸಿಗ್ಬೇಕು, ಮೆಷಿನ್ನಿಗೆ ಆ ಪಾರ್ಟ್ ಹೊಂದಬೇಕು, ಇವೆಲ್ಲ ಮುಗಿಯೋಕೆ ವರ್ಷಗಳೇ ಹಿಡಿಯತ್ತೆ. 1985ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಲ್ಲಿ ಐದು ದೇಶಗಳು ಕೂತು ಡಾಲರ್ ಇಳಿಸೋಣ ಅಂತ ಒಪ್ಪಿಕೊಂಡ್ವು, ಡಾಲರ್ ಇಳೀತಾನೂ ಹೋಯ್ತು, ಆದ್ರೆ ಅಮೆರಿಕದ ಕೊರತೆ 1987ರ ತನಕ ಏರ್ತಾನೇ ಇತ್ತು. ಜೆ ಕರ್ವ್ ಅಂತ ಓದಿರ್ತೀರಲ್ಲ, ಕರೆನ್ಸಿ ಬಿದ್ಮೇಲೆ ಕೊರತೆ ಮೊದಲು ಹದಗೆಟ್ಟು ಆಮೇಲೆ ಸುಧಾರಿಸೋದು, ಅದೇ ಇದು.

ಇನ್ನು ಕೆಲವು ಕಡೆ ಬೆಲೆ ದಾರೀಲೇ ಪೂರ್ತಿ ನಿಂತುಬಿಡತ್ತೆ. ಈಜಿಪ್ಟ್ ವರ್ಷಕ್ಕೆ 1 ಕೋಟಿ ಟನ್ ಆಸುಪಾಸು ಗೋಧಿ ತರಿಸೋ ದೇಶ. 2016ರ ನವೆಂಬರಲ್ಲಿ ಪೌಂಡನ್ನ ಮಾರ್ಕೆಟ್ಟಿಗೆ ಬಿಟ್ಟಾಗ ಡಾಲರಿಗೆ 9ರ ಹತ್ತಿರ ಇದ್ದಿದ್ದು ವರ್ಷದ ಕೊನೆಗೆ 18ರ ಮಟ್ಟಕ್ಕೆ ಬಂತು, ಅಂದ್ರೆ ಗೋಧಿ ಅವರಿಗೆ ಡಬಲ್ ರೇಟು. ಆಮದು ಅರ್ಧ ಆಯ್ತಾ? ಇಲ್ಲ. ಯಾಕಂದ್ರೆ ಸಬ್ಸಿಡಿ ಬ್ರೆಡ್ಡಿನ ರೇಟನ್ನ ಅಲ್ಲಿನ ಸರ್ಕಾರ ಮೂವತ್ತು ವರ್ಷಕ್ಕೂ ಮೇಲೆ ಮುಟ್ಟಿರ್ಲಿಲ್ಲ, 2024ರ ಜೂನಲ್ಲಿ ಏರಿಸಿದ್ದು. ತಿನ್ನೋವ್ರಿಗೆ ಡಾಲರ್ ಏರಿದ್ದೇ ಗೊತ್ತಾಗಲ್ಲ, ಆ ಏಟು ಹೋಗಿ ಬೀಳೋದು ಬಜೆಟ್ ಮೇಲೆ. ಹೀಗೆ ಸರ್ಕಾರವೇ ಬೆಲೆಗೆ ಅಡ್ಡ ನಿಂತಿರೋ ಮಾಲಲ್ಲಿ ಬೆಲೆ ಎಲಾಸ್ಟಿಸಿಟಿ ಹುಡುಕೋದೇ ವ್ಯರ್ಥ. ಪೆಟ್ರೋಲ್, ಗೊಬ್ಬರ, ಎಷ್ಟೋ ದೇಶಗಳಲ್ಲಿ ಇದೇ ಕತೆ.

ಈಗ ನಿಮ್ಮ 1.6ಕ್ಕೆ ಬರ್ತೀನಿ, ಅದು ಸರಿ ಅನ್ಸತ್ತೆ ಅಂದ್ರಲ್ಲ, ನಂಗೆ ಜಾಸ್ತಿ ಅನುಮಾನ ಇರೋದೇ ಅದರ ಮೇಲೆ.

ಆಮದು ಅಂದ ಕೂಡ್ಲೇ ಎಲ್ಲರ ಕಣ್ಣ ಮುಂದೆ ಬರೋದು ಕಾರು, ಫೋನು, ಪರ್ಫ್ಯೂಮು, ಅಂದ್ರೆ ಜನರ ಹತ್ರ ದುಡ್ಡು ಬಂತು, ಫಾರಿನ್ ಮಾಲು ತಗೊಂಡ್ರು. ಆದ್ರೆ ಗಡಿ ದಾಟೋ ಮಾಲಲ್ಲಿ, ತೈಲ ಬಿಟ್ಟು ನೋಡಿದ್ರೂ, ಅರ್ಧದಷ್ಟು ಬಿಡಿಭಾಗ, ಕೆಮಿಕಲ್ಲು, ಉಕ್ಕು, ಚಿಪ್ಪು, ಇನ್ನೊಂದು ಮಾಲಿನೊಳಗೆ ಹೋಗಿ ಸೇರೋ ಅಂಥವು. ಅದ್ರ ಮೇಲೆ ಯಂತ್ರಗಳು. ಕೊಳ್ಳೋವ್ರು ಫ್ಯಾಕ್ಟರಿಗಳು, ಮನೆಯವರಲ್ಲ. ಹಾಗಾಗಿ ಜಿಡಿಪಿ ಎಷ್ಟು ಬೆಳೀತು ಅನ್ನೋದಕ್ಕಿಂತ ಜಿಡಿಪಿಯ ಯಾವ ಭಾಗ ಬೆಳೀತು ಅನ್ನೋದು ಮುಖ್ಯ. ಸರ್ಕಾರ ಟೀಚರ್‌ಗಳಿಗೆ, ನರ್ಸ್‌ಗಳಿಗೆ ಸಂಬಳ ಜಾಸ್ತಿ ಮಾಡಿದ್ರೆ ಜಿಡಿಪಿ ಏರತ್ತೆ, ಆ ಖರ್ಚಲ್ಲಿ ನೇರವಾಗಿ ಆಮದು ಹೆಚ್ಚೇನಿಲ್ಲ. ಅಷ್ಟೇ ದುಡ್ಡನ್ನ ಒಂದು ಚಿಪ್ ಫ್ಯಾಕ್ಟರಿ ಕಟ್ಟೋಕೆ ಹಾಕಿದ್ರೆ ಅದ್ರಲ್ಲಿ ದೊಡ್ಡ ಪಾಲು ನೆದರ್ಲೆಂಡ್ಸ್, ಜಪಾನ್, ಅಮೆರಿಕದ ಮೆಷಿನ್ನಿಗೆ ಹೋಗತ್ತೆ, ಯಾಕಂದ್ರೆ ಆ ಮೆಷಿನ್ ಮಾಡೋವ್ರೇ ಬೆರಳೆಣಿಕೆ ಜನ. ಬುಸಿಯೆರ್ ಮತ್ತೆ ಅವರ ಜೊತೆಗಾರರು 2013ರಲ್ಲಿ ಇನ್‌ಪುಟ್ ಔಟ್‌ಪುಟ್ ಟೇಬಲ್ (ಯಾವ ಉದ್ಯಮ ಯಾವುದರಿಂದ ಎಷ್ಟು ಮಾಲು ತಗೋತು ಅನ್ನೋ ಕೋಷ್ಟಕ) ಇಟ್ಕೊಂಡು ದೊಡ್ಡ ದೇಶಗಳಿಗೆ ಇದನ್ನ ಲೆಕ್ಕ ಹಾಕಿದ್ರು. ಹೂಡಿಕೆ ಮತ್ತು ರಫ್ತು, ಇವೆರಡರೊಳಗೆ ಆಮದು ಅಂಶ ಅತಿ ಜಾಸ್ತಿ, ಜನರ ಬಳಕೆ ಅದಕ್ಕಿಂತ ಕಮ್ಮಿ, ಸರ್ಕಾರದ ಖರ್ಚು ಎಲ್ಲಕ್ಕಿಂತ ಕಮ್ಮಿ.

ಇದು ಗೊತ್ತಿಲ್ದೆ 2009 ಅರ್ಥನೇ ಆಗಲ್ಲ. ಆ ವರ್ಷ ಜಗತ್ತಿನ ಉತ್ಪಾದನೆ ಇಳಿದಿದ್ದು ಸುಮಾರು 2 ಪರ್ಸೆಂಟು, ಸರಕು ವ್ಯಾಪಾರದ ಪ್ರಮಾಣ ಬಿದ್ದಿದ್ದು 12 ಪರ್ಸೆಂಟ್ ಹತ್ತಿರ. 1.6 ಅನ್ನೋ ನಂಬರ್ ಇಟ್ಕೊಂಡ್ರೆ 3 ಪರ್ಸೆಂಟ್ ಬೀಳಬೇಕಿತ್ತು. ಎಲ್ಲರೂ ಗಾಬರಿಯಾಗಿ ಎಲ್ಲೋ ರಕ್ಷಣಾ ನೀತಿ ಗೋಡೆ ಎದ್ದಿದೆ, ಬ್ಯಾಂಕುಗಳು ಟ್ರೇಡ್ ಫೈನಾನ್ಸ್, ಅಂದ್ರೆ ವ್ಯಾಪಾರಕ್ಕೆ ಬೇಕಾದ ಸಾಲ, ಕೊಡ್ತಿಲ್ಲ ಅಂತ ಹುಡುಕೋಕೆ ಶುರು ಮಾಡಿದ್ರು. ಫೈನಾನ್ಸ್ ಸಮಸ್ಯೆ ಸ್ವಲ್ಪ ಇತ್ತು ನಿಜ, ಆದ್ರೆ ಮುಖ್ಯ ಕಾರಣ ಬೇರೆ: ಕೆಟ್ಟ ಕಾಲ ಬಂದಾಗ ಜನ ಊಟ, ಬಾಡಿಗೆ, ಡಾಕ್ಟರ್ ಖರ್ಚು ನಿಲ್ಸಲ್ಲ, ಕಾರು ಮುಂದಿನ ವರ್ಷ ನೋಡೋಣ ಅಂತಾರೆ, ಕಂಪನಿಗಳು ಹೊಸ ಲೈನ್ ಹಾಕೋದನ್ನ ನಿಲ್ಲಿಸ್ತವೆ, ಗೋಡೌನಲ್ಲಿ ಇರೋದನ್ನೇ ಮೊದಲು ಖಾಲಿ ಮಾಡ್ತವೆ. ಬಿದ್ದಿದ್ದೆಲ್ಲ ಆಮದು ತುಂಬಿರೋ ಐಟಂಗಳೇ. ಬಾಡಿಗೆ, ಹೇರ್‌ಕಟ್, ಆಸ್ಪತ್ರೆ ಇವು ಹಡಗಲ್ಲಿ ಬರಲ್ಲ. ಬುಸಿಯೆರ್ ತಂಡ ಜಿಡಿಪಿ ಬದಲು ಆಮದು ಅಂಶದ ತೂಕ ಕೊಟ್ಟ ಬೇಡಿಕೆನ ಹಾಕಿ ನೋಡಿದಾಗ ಆ ಕುಸಿತದ ಬಹುಪಾಲು ವಿವರಣೆ ಸಿಕ್ತು, ನಿಗೂಢ ಏನೂ ಉಳೀಲಿಲ್ಲ.

ದಕ್ಷಿಣ ಕೊರಿಯಾದ 1998 ಇನ್ನೂ ಜೋರು. ಜಿಡಿಪಿ ಸುಮಾರು 5 ಪರ್ಸೆಂಟ್ ಕುಗ್ತು, ಡಾಲರ್ ಲೆಕ್ಕದ ಆಮದು 14,400 ಕೋಟಿಯಿಂದ 9,300 ಕೋಟಿಗೆ, ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಒಂದೇ ವರ್ಷದಲ್ಲಿ ಹೋಯ್ತು. ಕರೆನ್ಸಿನೂ ಬಿದ್ದಿತ್ತು, 1997ರ ಡಿಸೆಂಬರಲ್ಲಿ ಡಾಲರಿಗೆ 2000 ವಾನ್ ಹತ್ರ ಹೋಗಿ ಬಂದಿತ್ತು, ಯಂತ್ರಗಳ ಮೇಲಿನ ಹೂಡಿಕೆ ನೆಲ ಕಚ್ಚಿತ್ತು, ಜೊತೆಗೆ ಕೊರಿಯಾದ ಬ್ಯಾಂಕುಗಳು ಕೊಟ್ಟ ಲೆಟರ್ ಆಫ್ ಕ್ರೆಡಿಟ್ (ದುಡ್ಡು ಕೊಡ್ತೀವಿ ಅನ್ನೋ ಬ್ಯಾಂಕ್ ಗ್ಯಾರಂಟಿ) ನಂಬೋಕೆ ಹೊರಗಿನ ಬ್ಯಾಂಕುಗಳು ಹಿಂದೆಮುಂದೆ ನೋಡ್ತಿದ್ವು. ಬೆಲೆ, ಬೇಡಿಕೆ, ಸಾಲ ಮೂರೂ ಒಂದೇ ವರ್ಷ ಒಂದೇ ದಿಕ್ಕಿಗೆ ಹೋದ್ರೆ ಯಾವ್ದು ಎಷ್ಟು ಮಾಡ್ತು ಅಂತ ರಿಗ್ರೆಷನ್ ಹೆಂಗೆ ಹೇಳತ್ತೆ? ಹೇಳಲ್ಲ, ಸುಮ್ನೆ ಯಾವ್ದೋ ಒಂದರ ತಲೆ ಮೇಲೆ ಕಟ್ಟತ್ತೆ.

ರಫ್ತೂ ಆಮದನ್ನ ಎಳೆಯತ್ತೆ ಅನ್ನೋದನ್ನ ಮರೀಬೇಡಿ, ಪಠ್ಯಪುಸ್ತಕದ ಸಮೀಕರಣದಲ್ಲಿ ಅದು ಇರೋದೇ ಇಲ್ಲ. 2009ರ ಐಫೋನ್ ಬಗ್ಗೆ ಷಿಂಗ್ ಮತ್ತೆ ಡೆಟರ್ಟ್ ಮಾಡಿದ ಲೆಕ್ಕ ಈಗ ಎಲ್ಲರ ಬಾಯಲ್ಲೂ ಇದೆ: ಚೀನಾದಿಂದ ಹೊರಡುವಾಗ ಒಂದು ಫೋನಿನ ತಯಾರಿಕಾ ವೆಚ್ಚ 179 ಡಾಲರ್ ಹತ್ತಿರ, ಅದ್ರಲ್ಲಿ ಚೀನಾದ ಜೋಡಣೆ ಕೆಲಸದ ಪಾಲು ಆರೂವರೆ ಡಾಲರು. ಉಳಿದಿದ್ದೆಲ್ಲ ಜಪಾನ್, ಜರ್ಮನಿ, ಕೊರಿಯಾ, ಅಮೆರಿಕ ಮುಂತಾದ ಕಡೆಯಿಂದ ಬಂದ ಪಾರ್ಟು. ಅಂದ್ರೆ ಅಲ್ಲಿ ಫೋನ್ ರಫ್ತು ಏರಿದ್ರೆ ಆಮದೂ ಅದ್ರ ಬೆನ್ನಿಗೇ ಏರತ್ತೆ, ಚೀನಾದ ಜನರ ಆದಾಯ ಎಷ್ಟಿದ್ರೂ. ಸಿಂಗಾಪುರ ತರ ದೇಶದಲ್ಲಿ ಆಮದು ಜಿಡಿಪಿಗಿಂತಲೇ ಜಾಸ್ತಿ, ಬಂದಿದ್ದು ಸ್ವಲ್ಪ ಕೆಲಸ ಆಗಿ ಅಥವಾ ಹಾಗೇ ಮುಂದಿನ ಹಡಗು ಹತ್ತತ್ತೆ. ಇಂಥ ದೇಶಕ್ಕೆ ಕರೆನ್ಸಿ ಬಿದ್ರೆ ರಫ್ತು ಏರತ್ತೆ, ರಫ್ತು ಏರಿದ್ರೆ ಆಮದು ಏರತ್ತೆ, ಹಾಗಾಗಿ ನಿಮ್ಮ ಉಲ್ಟಾ ಸೈನಿಗೆ ಇದೂ ಒಂದು ಕಾರಣ ಇರಬಹುದು, ನಿಮ್ಮ ದೇಶ ಯಾವ್ದು ಅಂತ ಹೇಳಿಲ್ಲ ನೀವು.

ಆ 1.6ರಲ್ಲಿ ಇನ್ನೊಂದು ಮೋಸ ಇದೆ. 1969ರಲ್ಲಿ ಹೌತಾಕರ್ ಮತ್ತೆ ಮ್ಯಾಗೀ ಅಂತ ಇಬ್ಬರು ಬರೆದ ಪೇಪರ್ ಈ ವಿಷಯಕ್ಕೆ ತಾಯಿಬೇರು. ಅಮೆರಿಕದ ಆದಾಯ 1 ಪರ್ಸೆಂಟ್ ಏರಿದ್ರೆ ಆಮದು ಒಂದೂವರೆ ಪರ್ಸೆಂಟ್ ಏರತ್ತೆ, ಹೊರಗಿನವರ ಆದಾಯ 1 ಪರ್ಸೆಂಟ್ ಏರಿದ್ರೆ ಅಮೆರಿಕದ ರಫ್ತು 1 ಪರ್ಸೆಂಟ್ ಮಾತ್ರ ಏರತ್ತೆ, ಜಪಾನ್ ರಫ್ತಿಗೆ ಅದೇ ನಂಬರ್ ಮೂರೂವರೆ ಅಂತ ಅವರು ತೋರಿಸಿದ್ರು. ಎಲ್ಲರೂ ಸಮನಾಗಿ ಬೆಳೆದ್ರೂ ಅಮೆರಿಕಕ್ಕೆ ಕೊರತೆ ಬರ್ತಾನೇ ಇರತ್ತೆ ಅನ್ನೋದು ಅದ್ರ ಅರ್ಥ. ಆಮೇಲೆ ಬಂದವರು ಕೇಳಿದ ಪ್ರಶ್ನೆ ಏನಂದ್ರೆ, ಜಪಾನ್ ಮಾಲಿಗೆ ಜನರ ಆದಾಯ ಏರಿದ್ದಕ್ಕೆ ಅಷ್ಟು ಬೇಡಿಕೆ ಬಂತಾ, ಅಥವಾ ಜಪಾನ್ ಪ್ರತಿ ವರ್ಷ ಹೊಸ ಹೊಸ ಮಾಲು ಮಾರ್ಕೆಟ್ಟಿಗೆ ಬಿಡ್ತಿತ್ತಾ? ಆದಾಯ ಮೇಲಕ್ಕೆ ಹೋಗ್ತಿತ್ತು, ಮಾಲಿನ ವೆರೈಟಿನೂ ಮೇಲಕ್ಕೆ ಹೋಗ್ತಿತ್ತು, ವೆರೈಟಿ ಅಳೆಯೋ ಕಾಲಮ್ ಇಲ್ದಿದ್ರಿಂದ ಅದ್ರ ಕ್ರೆಡಿಟ್ಟೂ ಆದಾಯಕ್ಕೇ ಹೋಯ್ತು. ಬ್ರೋಡಾ ಮತ್ತೆ ವೈನ್‌ಸ್ಟೈನ್ 1972ರಿಂದ 2001ರ ತನಕ ಅಮೆರಿಕದ ಆಮದು ವೆರೈಟಿ ಎಣಿಸಿ ನೋಡಿದಾಗ ಅದು ಮೂರು ಪಟ್ಟಿನ ಹತ್ತಿರ ಏರಿತ್ತು. ಇದೇ ಟೈಮಲ್ಲಿ ಕಂಟೇನರ್ ಬಂತು, 1956ರ ಏಪ್ರಿಲಲ್ಲಿ ಐಡಿಯಲ್ ಎಕ್ಸ್ ಅನ್ನೋ ಹಡಗು 58 ಪೆಟ್ಟಿಗೆ ಹೊತ್ಕೊಂಡು ನ್ಯೂಅರ್ಕಿಂದ ಹ್ಯೂಸ್ಟನ್ನಿಗೆ ಹೋಗಿದ್ದು ಶುರು, ಸಾಗಣೆ ಅಗ್ಗ ಆಯ್ತು, ಗ್ಯಾಟ್ ಅನ್ನೋ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮಾತುಕತೆ ಸುತ್ತುಗಳಲ್ಲಿ ಸುಂಕ ಇಳೀತು, ಫೋನ್ ಕಾಲ್ ಅಗ್ಗ ಆಯ್ತು, ಒಂದೇ ಮಾಲು ನಾಲ್ಕು ಗಡಿ ದಾಟಿ ತಯಾರಾಗೋ ವ್ಯವಸ್ಥೆ ಬಂತು. ಇದೆಲ್ಲ ಜಿಡಿಪಿ ಜೊತೆಜೊತೆಗೇ ಏರ್ತಾ ಹೋಯ್ತು.

ಹಾಗಾಗಿ ಈ 1.6 ಜನರ ಸ್ವಭಾವದ ನಂಬರ್ ಅಂತ ತಿಳ್ಕೋಬೇಡಿ, ಒಂದು ಕಾಲಘಟ್ಟದ ನಂಬರ್. 1990ರ ದಶಕದಲ್ಲಿ ಜಗತ್ತಿನ ವ್ಯಾಪಾರ ಜಗತ್ತಿನ ಉತ್ಪಾದನೆಗಿಂತ ಹತ್ತಿರ ಹತ್ತಿರ ಡಬಲ್ ಸ್ಪೀಡಲ್ಲಿ ಬೆಳೀತಿತ್ತು, 2011ರ ನಂತರ ಎರಡೂ ಹೆಚ್ಚುಕಮ್ಮಿ ಒಂದೇ ಸ್ಪೀಡಿಗೆ ಬಂದ್ವು. ಜನರ ರುಚಿ ಬದಲಾಗ್ಲಿಲ್ಲ, ಸಪ್ಲೈ ಚೈನ್ ಉದ್ದ ಆಗೋದು ನಿಂತು, ಚೀನಾ ತಾನು ತರಿಸ್ತಿದ್ದ ಪಾರ್ಟುಗಳನ್ನ ತಾನೇ ಮಾಡೋಕೆ ಶುರು ಮಾಡ್ತು, ಹೂಡಿಕೆ ಸೊರಗ್ತು.

ಸುಂಕದ ಪ್ರಶ್ನೆ. ಆ ಮಾಲು, ಆ ದೇಶದಿಂದ ಬರೋದು ಇಳಿಯತ್ತೆ, ಅದ್ರಲ್ಲಿ ಅನುಮಾನ ಬೇಡ. ಒಟ್ಟು ಆಮದು ಇಳಿಯತ್ತಾ ಅನ್ನೋದೇ ಬೇರೆ. ಅಮೆರಿಕದ ವಾಷಿಂಗ್ ಮೆಷಿನ್ ಕತೆ ಕೇಳಿ. ಮೊದಲು 2012–13ರಲ್ಲಿ ಕೊರಿಯಾ, ಮೆಕ್ಸಿಕೋದಿಂದ ಬರೋ ಮೆಷಿನ್ನಿಗೆ ಆಂಟಿ ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ತಂದು ಸುರಿಯೋ ಮಾಲಿನ ಮೇಲಿನ ಸುಂಕ) ಹಾಕಿದ್ರು, ತಯಾರಿಕೆ ಚೀನಾಕ್ಕೆ ಹೋಯ್ತು. ಆಮೇಲೆ ಚೀನಾ ಮೇಲೆ ಹಾಕಿದ್ರು, ಥೈಲ್ಯಾಂಡ್, ವಿಯೆಟ್ನಾಂಗೆ ಹೋಯ್ತು. ಕೊನೆಗೆ 2018ರಲ್ಲಿ ಹತ್ತಿರ ಹತ್ತಿರ ಎಲ್ಲಾ ದೇಶಕ್ಕೂ ಸೇರಿಸಿ ಹಾಕಿದ್ರು, ಮೊದಲ 12 ಲಕ್ಷ ಮೆಷಿನ್ನಿಗೆ 20 ಪರ್ಸೆಂಟ್, ಅದ್ರ ಮೇಲೆ ಬಂದಿದ್ದಕ್ಕೆ 50. ಆಗ ರೇಟು ಏರ್ತು, ಸುಮಾರು 12 ಪರ್ಸೆಂಟ್. ಮಜಾ ಏನಂದ್ರೆ ಬಟ್ಟೆ ಒಣಗಿಸೋ ಡ್ರೈಯರ್ ಮೇಲೆ ಸುಂಕವೇ ಇರ್ಲಿಲ್ಲ, ಅದ್ರ ರೇಟೂ ಅಷ್ಟೇ ಏರ್ತು, ಯಾಕಂದ್ರೆ ಅಲ್ಲಿ ಜನ ಎರಡನ್ನೂ ಜೋಡಿಯಾಗಿ ತಗೋತಾರೆ, ಕಂಪನಿಗಳು ಏರಿಕೆನ ಎರಡರ ಮೇಲೂ ಹಂಚಿದ್ವು. ಫ್ಲಾಯೆನ್, ಹೊರ್ಟಾಸು, ಟಿಂಟೆಲ್‌ನಾಟ್ ಅನ್ನೋ ಮೂವರು ಲೆಕ್ಕ ಹಾಕಿ, ಇದ್ರಿಂದ ಹುಟ್ಟಿದ ಒಂದೊಂದು ಕೆಲಸಕ್ಕೆ ಗ್ರಾಹಕರು ವರ್ಷಕ್ಕೆ 8 ಲಕ್ಷ ಡಾಲರ್ ಮೇಲೆ ಕೊಟ್ಟಿದಾರೆ ಅಂದ್ರು.

ದೊಡ್ಡ ಚಿತ್ರದಲ್ಲೂ ಅದೇ. 2018ರಲ್ಲಿ ಚೀನಾ ಜೊತೆ ಅಮೆರಿಕದ ಸರಕು ಕೊರತೆ 42 ಸಾವಿರ ಕೋಟಿ ಡಾಲರ್ ಹತ್ತಿರ, 2023ಕ್ಕೆ ಅದು 28 ಸಾವಿರ ಕೋಟಿಗೆ ಬಂತು. ಅದೇ ಅವಧಿಯಲ್ಲಿ ಎಲ್ಲಾ ದೇಶ ಸೇರಿದ ಸರಕು ಕೊರತೆ 1 ಲಕ್ಷ ಕೋಟಿ ಡಾಲರ್ ದಾಟಿ ಮುಂದೆ ಹೋಯ್ತು, 2023ರಲ್ಲಿ ಅಮೆರಿಕಕ್ಕೆ ಅತಿ ಹೆಚ್ಚು ಮಾಲು ಕಳಿಸಿದ ದೇಶ ಮೆಕ್ಸಿಕೋ. ಕಾರಣ ಇಷ್ಟೇ, ಒಂದು ದೇಶ ತಾನು ಉತ್ಪಾದನೆ ಮಾಡಿದ್ದಕ್ಕಿಂತ ಜಾಸ್ತಿ ಖರ್ಚು ಮಾಡ್ತಿದ್ರೆ ಆ ವ್ಯತ್ಯಾಸ ಎಲ್ಲಿಂದಾದ್ರೂ ಬರ್ಲೇಬೇಕು, ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ಬಾಗಿಲಿಂದ ಬರತ್ತೆ. ಉಳಿತಾಯ ಮತ್ತೆ ಹೂಡಿಕೆ ನಡುವಿನ ಅಂತರ ಬದಲಾಗ್ದೆ ಸುಂಕ ಒಂದೇ ಕೊರತೆನ ಮುಚ್ಚೋದು ಕಷ್ಟ. ರಾಜಕಾರಣಿಗಳಿಗೆ ಈ ಮಾತು ಯಾವ ದೇಶದಲ್ಲೂ ಇಷ್ಟ ಆಗಲ್ಲ, ಸುಂಕ ಹಾಕೋದು ಸುಲಭ, ಖರ್ಚು ಇಳಿಸೋದು ಕಷ್ಟ.

ಕೊನೆಯದಾಗಿ ಡಾಲರ್ ಇರೋದು, ಇಲ್ದಿರೋದು. ಇಲ್ಲೀ ತನಕ ಹೇಳಿದ್ದೆಲ್ಲ ಬೇಕಾದವ್ನಿಗೆ ಡಾಲರ್ ಸಿಗತ್ತೆ ಅನ್ನೋ ಊಹೆ ಮೇಲೆ. ಶ್ರೀಲಂಕಾ 2020ರ ಮಾರ್ಚಲ್ಲಿ ವಾಹನ ಆಮದು ನಿಲ್ಲಿಸ್ತು, 2022ರ ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಟೋದನ್ನೂ ನಿಲ್ಲಿಸ್ತು, ಇಂಧನ ತುಂಬಿದ ಹಡಗು ದುಡ್ಡಿಗೆ ಕಾಯ್ತಾ ಕಡಲಲ್ಲಿ ನಿಂತಿರ್ತಿತ್ತು. ಆ ವರ್ಷ ಆಮದು ಇಳೀತು. ಬೇಡಿಕೆ ಇಳೀತು ಅಂತ ಬರೆಯೋಕೆ ಆಗತ್ತಾ? ಬೇಡಿಕೆ ಪೆಟ್ರೋಲ್ ಬಂಕಿನ ಮುಂದೆ ಸಾಲುಗಟ್ಟಿ ನಿಂತಿತ್ತು. 2025ರ ಶುರುವಲ್ಲಿ ವಾಹನ ಆಮದಿಗೆ ಬಾಗಿಲು ತೆಗೆದಾಗ ತಡೆದಿಟ್ಟಿದ್ದೆಲ್ಲ ಒಟ್ಟಿಗೆ ನುಗ್ತು. ನಿಮ್ಮ ಇಪ್ಪತ್ತು ವರ್ಷದಲ್ಲಿ ಇಂಥ ನಿರ್ಬಂಧದ ವರ್ಷಗಳಿದ್ರೆ ಅವನ್ನ ಡಮ್ಮಿ (ಆ ವರ್ಷಗಳಿಗೆ 1, ಉಳಿದವಕ್ಕೆ 0 ಅನ್ನೋ ಕಾಲಮ್) ಹಾಕಿ ಬೇರೆ ಮಾಡ್ಲೇಬೇಕು.

ಸರಿ, ಈಗ ಪ್ರಾಜೆಕ್ಟ್ ಹೆಂಗೆ ಸರಿಮಾಡೋದು. ಎಡಗಡೆ ಆಮದು ಮೌಲ್ಯ ತೆಗೆದು ಪ್ರಮಾಣ ಹಾಕಿ, ಮೌಲ್ಯನ ಆಮದು ಬೆಲೆ ಸೂಚ್ಯಂಕದಿಂದ ಭಾಗಿಸಿದ್ರೆ ಸಿಗತ್ತೆ. ತೈಲ, ಗ್ಯಾಸ್ ಬೇರೆ, ಉಳಿದಿದ್ದು ಬೇರೆ, ಎರಡು ಸಮೀಕರಣ. ಬಲಗಡೆ ಡಾಲರ್ ರೇಟ್ ಬೇಡ, ಆಮದು ಬೆಲೆನ ದೇಶದೊಳಗಿನ ಬೆಲೆಗೆ ಭಾಗಿಸಿ ಹಾಕಿ, ಯಾಕಂದ್ರೆ ಕರೆನ್ಸಿ 10 ಪರ್ಸೆಂಟ್ ಬಿದ್ದು ಒಳಗಡೆ ಬೆಲೆಗಳೂ 10 ಪರ್ಸೆಂಟ್ ಏರಿದ್ರೆ ಕೊಳ್ಳೋವ್ನಿಗೆ ಏನೂ ಬದಲಾಗಿಲ್ಲ. ಜಿಡಿಪಿ ಬದಲು ಬಳಕೆ, ಹೂಡಿಕೆ, ಸರ್ಕಾರದ ಖರ್ಚು, ರಫ್ತು ನಾಲ್ಕನ್ನೂ ಬೇರೆ ಬೇರೆ ಹಾಕಿ, ಅಥವಾ ಇನ್‌ಪುಟ್ ಔಟ್‌ಪುಟ್ ಟೇಬಲ್ ಸಿಕ್ಕಿದ್ರೆ ತೂಕ ಕೊಟ್ಟು ಒಂದೇ ಮಾಡಿ. ಇಪ್ಪತ್ತು ವರ್ಷದ ವಾರ್ಷಿಕ ಡೇಟಾ ಅಂದ್ರೆ ಇಪ್ಪತ್ತೇ ಚುಕ್ಕಿ, ಇಷ್ಟು ವೇರಿಯಬಲ್ಲಿಗೆ ಅದು ಸಾಲಲ್ಲ, ತ್ರೈಮಾಸಿಕ ಡೇಟಾ ಹುಡುಕಿ, ಎಂಬತ್ತು ಸಿಗತ್ತೆ. ಬೆಲೆಗೆ ಎಂಟು ತ್ರೈಮಾಸಿಕದ ತನಕ ಲ್ಯಾಗ್ ಕೊಡಿ, ಅಂದ್ರೆ ಹಿಂದಿನ ತ್ರೈಮಾಸಿಕಗಳ ಬೆಲೆನೂ ಸೇರಿಸಿ. ಆಮದೂ ಜಿಡಿಪಿನೂ ಎರಡೂ ಏರ್ತಾ ಹೋಗೋ ಸರಣಿಗಳು, ಹಾಗೇ ರಿಗ್ರೆಸ್ ಮಾಡಿದ್ರೆ ಸಂಬಂಧ ಇಲ್ದಿದ್ರೂ ಸಂಬಂಧ ಇದೆ ಅನ್ಸತ್ತೆ ಅಂತ ಗ್ರೇಂಜರ್ ಮತ್ತೆ ನ್ಯೂಬೋಲ್ಡ್ 1974ರಲ್ಲೇ ತೋರಿಸಿದಾರೆ, ಅದಕ್ಕೆ ಕೋಇಂಟಿಗ್ರೇಷನ್ ಟೆಸ್ಟ್ (ಎರಡು ಸರಣಿಗಳು ದೀರ್ಘಾವಧಿಯಲ್ಲಿ ನಿಜವಾಗ್ಲೂ ಜೊತೆಗೇ ಹೋಗ್ತವಾ ಅನ್ನೋ ಪರೀಕ್ಷೆ) ಮಾಡಿ, ಎರರ್ ಕರೆಕ್ಷನ್ ಮಾಡೆಲ್ (ಆ ದೀರ್ಘಾವಧಿ ಸಂಬಂಧದಿಂದ ದೂರ ಹೋದದ್ದು ಹೆಂಗೆ ವಾಪಸ್ ಬರತ್ತೆ ಅಂತ ಅಳೆಯೋದು) ಹಾಕಿ.

ಇಷ್ಟೆಲ್ಲ ಮಾಡಿದ್ರೂ ಬೆಲೆಯ ಕೋಎಫಿಶಿಯೆಂಟ್ ಚಿಕ್ಕದಾಗೇ ಬರೋ ಚಾನ್ಸ್ ಇದೆ. ಬೇಡಿಕೆ ಜೋರಾದಾಗ ಡಾಲರಿಗೆ ಕಿತ್ತಾಟ ಆಗಿ ಕರೆನ್ಸಿ ಬೀಳತ್ತೆ, ಅಂದ್ರೆ ಕಾರಣ ಉಲ್ಟಾ ದಿಕ್ಕಲ್ಲೂ ಓಡತ್ತೆ, ಆಗ ಓಎಲ್‌ಎಸ್ ಅನ್ನೋ ಸಾಮಾನ್ಯ ರಿಗ್ರೆಷನ್ ವಿಧಾನ ಬೆಲೆಯ ಪರಿಣಾಮನ ಸೊನ್ನೆ ಕಡೆಗೆ ಎಳೆಯತ್ತೆ. ಗೈ ಆರ್ಕಟ್ 1950ರಲ್ಲೇ ಇದನ್ನ ಬರೆದಿದಾರೆ, ಆಗಿನ ಅರ್ಥಶಾಸ್ತ್ರಜ್ಞರು ಸಣ್ಣ ನಂಬರ್ ನೋಡಿ ಬೆಲೆಯಿಂದ ಏನೂ ಆಗಲ್ಲ ಅಂತ ಕೈಚೆಲ್ಲಿ ಕೂತಿದ್ದಾಗ. ಗೈಡ್ ಕೇಳಿದ್ರೆ ಹಳೇ ಟೇಬಲ್ಲೂ ಹೊಸ ಟೇಬಲ್ಲೂ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, ಮೌಲ್ಯದಿಂದ ಪ್ರಮಾಣಕ್ಕೆ ಬಂದಾಗ ಸೈನ್ ಎಷ್ಟು ಬದಲಾಯ್ತು, ತೈಲ ತೆಗೆದಾಗ ಎಷ್ಟು, ರಫ್ತು ಸೇರಿಸಿದಾಗ ಆ 1.6 ಎಲ್ಲಿಗೆ ಇಳೀತು ಅಂತ ಒಂದೊಂದೇ ಸಾಲಲ್ಲಿ ಬರೀರಿ, ನಿಮ್ಮ ಪ್ರಾಜೆಕ್ಟಿನ ಮುಖ್ಯ ಅಧ್ಯಾಯನೇ ಅದಾಗತ್ತೆ.